ಸೀರಂ ಎರಡು ಸಲವೂ 1.2, ಕ್ಲಿಯರೆನ್ಸ್ ಒಮ್ಮೆ 60, ಇನ್ನೊಮ್ಮೆ 83: ಯಾವುದನ್ನು ನಂಬೋದು?

ಕುಶಾಲನಗರ_ಲ್ಯಾಬ್
ಎಲ್ಲರಿಗೂ ನಮಸ್ಕಾರ. ಒಂದು ಲೆಕ್ಕ ತಲೆ ಕೆಡಿಸಿದೆ. 60 ವರ್ಷದ ಗಂಡಸು, 60 ಕೆ.ಜಿ., 160 ಸೆಂ.ಮೀ. ಒಂದು ವಾರದ ಅಂತರದಲ್ಲಿ ಎರಡು ಸಲ 24 ಗಂಟೆ ಮೂತ್ರ ಬಂದಿದೆ.

ಮೊದಲ ಸಲ: ಮೂತ್ರ 1150 ಮಿ.ಲೀ., ಮೂತ್ರದ ಕ್ರಿಯಾಟಿನಿನ್ (ಸ್ನಾಯುವಿನಲ್ಲಿ ಹುಟ್ಟಿ ಕಿಡ್ನಿಯಿಂದ ಹೊರಹೋಗುವ ಕಸ) ಡೆಸಿಲೀಟರ್‌ಗೆ 90 ಮಿ.ಗ್ರಾಂ, ಸೀರಂ (ರಕ್ತದ) ಕ್ರಿಯಾಟಿನಿನ್ 1.2. ಕ್ಲಿಯರೆನ್ಸ್ (ಕಿಡ್ನಿ ಎಷ್ಟು ರಕ್ತದಿಂದ ಕ್ರಿಯಾಟಿನಿನ್ ತೆಗೆಯುತ್ತೆ ಅನ್ನೋ ಲೆಕ್ಕ) ನಿಮಿಷಕ್ಕೆ 60 ಮಿ.ಲೀ.
ಎರಡನೇ ಸಲ: 1600 ಮಿ.ಲೀ., ಅದೇ 90, ಅದೇ 1.2. ಕ್ಲಿಯರೆನ್ಸ್ 83.

ಸೀರಂ, ವಯಸ್ಸು, ಲಿಂಗ ನೋಡುವ ಸಿಕೆಡಿ-ಎಪಿಐ 2021 ಸೂತ್ರಕ್ಕೆ ಹಾಕಿದರೆ ಇಜಿಎಫ್‌ಆರ್ (ಕಿಡ್ನಿ ಸೋಸುವ ವೇಗದ ಅಂದಾಜು) 69. ತೂಕವನ್ನೂ ಸೇರಿಸುವ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರಕ್ಕೆ ಹಾಕಿದರೆ 56. ಅಂದರೆ ಒಬ್ಬರೇ ಮನುಷ್ಯನಿಗೆ ನಾಲ್ಕು ಸಂಖ್ಯೆ. ಕಂಟ್ರೋಲ್ (ಉತ್ತರ ಮೊದಲೇ ಗೊತ್ತಿರೋ ಸ್ಯಾಂಪಲ್) ಎರಡೂ ದಿನ ಸರಿ ಇತ್ತು. ಡಾಕ್ಟರಿಗೆ ಯಾವುದನ್ನು ಕೊಡೋದು?

ಡಿಎಂಎಲ್‌ಟಿ_ಎರಡನೇ_ವರ್ಷ
ಸರ್, 60 ಹೇಗೆ ಬಂತು ಅಂತ ಬಿಡಿಸಿ ಹೇಳ್ತೀರಾ? ನನಗೆ 0.04 ಬರ್ತಿದೆ 🙈

ಪಿಕ್ರೇಟ್
1440ರಿಂದ ಎರಡು ಸಲ ಭಾಗಿಸಿದ್ದೀಯ ತಮ್ಮ. ಮೂತ್ರದ ಕ್ರಿಯಾಟಿನಿನ್ ಗುಣಿಸು ಮೂತ್ರದ ಪ್ರಮಾಣ. ಅದನ್ನು ರಕ್ತದ ಕ್ರಿಯಾಟಿನಿನ್ ಗುಣಿಸು ಒಟ್ಟು ನಿಮಿಷದಿಂದ ಭಾಗಿಸು. 90 × 1150 = 1,03,500. 1.2 × 1440 = 1728. ಭಾಗಿಸಿದರೆ 59.9. ಮೂತ್ರ, ರಕ್ತ ಎರಡಕ್ಕೂ ಒಂದೇ ಅಳತೆ ಇರಬೇಕು, ಒಂದು ಮಿ.ಗ್ರಾಂ, ಇನ್ನೊಂದು ಮೈಕ್ರೋಮೋಲ್ ಇದ್ದರೆ ಮುಗೀತು ಕಥೆ. (1 ಮಿ.ಗ್ರಾಂ/ಡೆ.ಲೀ. ಅಂದರೆ 88.4 ಮೈಕ್ರೋಮೋಲ್/ಲೀಟರ್.)

ಇದರ ಅರ್ಥ ಇಷ್ಟೆ: ಮೂತ್ರದಲ್ಲಿ ಹೊರಬಿದ್ದ ಕ್ರಿಯಾಟಿನಿನ್ ಅಷ್ಟನ್ನೂ ಹೊತ್ತಿದ್ದ ರಕ್ತದ ನೀರು ನಿಮಿಷಕ್ಕೆ ಎಷ್ಟು ಮಿ.ಲೀ. ಅಂತ.

ಕುಶಾಲನಗರದವರಿಗೆ: ಮೊದಲನೆಯದು ಕಮ್ಮಿ ಸಂಗ್ರಹ. 90 × 11.5 ಡೆ.ಲೀ. = 1035 ಮಿ.ಗ್ರಾಂ. ಕೆ.ಜಿ.ಗೆ 17. ಗಂಡಸರಿಗೆ 20ರಿಂದ 25 ಬರಬೇಕು. ಎರಡನೆಯದು 1440 ಮಿ.ಗ್ರಾಂ, ಕೆ.ಜಿ.ಗೆ 24. ಅದೇ ಸರಿ, 83 ಕೊಡಿ.

ಮಡಿಕೇರಿ_ಫಿಸಿಶಿಯನ್
ಪಿಕ್ರೇಟ್ ಅವರೇ, ಸ್ವಲ್ಪ ನಿಲ್ಲಿ. 20–25 ಅನ್ನೋದು ಐವತ್ತರೊಳಗಿನ ಗಂಡಸರ ಲೆಕ್ಕ. ವಯಸ್ಸಾದಂತೆ ಸ್ನಾಯು ಕರಗುತ್ತೆ, ಕ್ರಿಯಾಟಿನಿನ್ ಹುಟ್ಟೋದೂ ಇಳಿಯುತ್ತೆ. ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದೊಳಗೇ ಆ ಲೆಕ್ಕ ಅಡಗಿದೆ: ಕೆ.ಜಿ.ಗೆ 28ರಿಂದ ವಯಸ್ಸಿನ ಐದನೇ ಒಂದು ಭಾಗ ಕಳೆಯಿರಿ. 60 ವರ್ಷಕ್ಕೆ 28 − 12 = 16. ಹೆಂಗಸರಾದರೆ ಅದರ ಶೇ. 85.

ಹಾಗಾಗಿ 17 ಸಹಜ. ಅನುಮಾನ ಪಡಬೇಕಾದದ್ದು 24ರ ಮೇಲೆ. ಅರುವತ್ತರ, 60 ಕೆ.ಜಿ. ತೂಕದವರಲ್ಲಿ ಅಷ್ಟು ಬಂದರೆ ಡಬ್ಬದೊಳಗೆ 24 ಗಂಟೆಗಿಂತ ಹೆಚ್ಚಿನ ಮೂತ್ರ ಇದೆ ಅಂತಲೇ ಮೊದಲ ಊಹೆ.

ಪಿಕ್ರೇಟ್
ಒಪ್ಪಿದೆ ಡಾಕ್ಟ್ರೇ, ಗೋಡೆಗೆ ಅಂಟಿಸಿದ ಚಾರ್ಟ್‌ನಲ್ಲಿ ವಯಸ್ಸೇ ಇಲ್ಲ. ಆದರೆ ಹುತ್ತರಿ ಊಟದ ವಾರ. ಪಂದಿ ಕರಿ (ಹಂದಿ ಮಾಂಸದ ಸಾರು) ಎರಡು ಸಲ ಹಾಕಿಸ್ಕೊಂಡಿದ್ರೆ?

ಕಾಫಿಬೀಜ
ಎಲ್ಲದಕ್ಕೂ ಪಂದಿ ಕರಿ ಮೇಲೆ ಗೂಬೆ ಕೂರಿಸಬೇಡಿ 😄

ಮಡಿಕೇರಿ_ಫಿಸಿಶಿಯನ್
ಗೂಬೆ ಕೂರಿಸೋದಕ್ಕೆ ಕಾರಣ ಇದೆ. ಹಸಿ ಮಾಂಸದ ಸ್ನಾಯುವಿನಲ್ಲಿ ಇರೋದು ಕ್ರಿಯಾಟಿನ್. ಹೊತ್ತುಗಟ್ಟಲೆ ಬೇಯಿಸಿದಾಗ ಅದರಲ್ಲಿ ಒಂದು ಪಾಲು ಕ್ರಿಯಾಟಿನಿನ್ ಆಗಿ ಬದಲಾಗುತ್ತೆ. ಕಾಚಂಪುಳಿ (ಕೊಡಗಿನ ಹುಳಿ) ಹಾಕಿ ನಿಧಾನಕ್ಕೆ ಬೇಯಿಸಿದ ಕರಿಯಲ್ಲಿ ರಸವನ್ನೂ ಬಿಡೋದಿಲ್ಲವಲ್ಲ, ಎಲ್ಲವೂ ಹೊಟ್ಟೆಗೆ ಹೋಗುತ್ತೆ, ಕರುಳಿನಿಂದ ನೇರ ರಕ್ತಕ್ಕೆ. ಕೆಲವು ಗಂಟೆ ಸೀರಂ ಕ್ರಿಯಾಟಿನಿನ್ ಏರುತ್ತೆ, ಕಿಡ್ನಿಗೆ ಏನೂ ಆಗಿರೋದಿಲ್ಲ. ಅದಕ್ಕೇ ರಕ್ತ ಕೊಡುವ ಮುಂಚಿನ 12 ಗಂಟೆ ಬೇಯಿಸಿದ ಮಾಂಸ ಬೇಡ ಅನ್ನೋದು. ಕೋಳಿ, ಮೀನಿಗೂ ಇದೇ ಮಾತು.

ಆದರೆ ಈ ಕೇಸಿಗೆ ಮಾಂಸದ ಕಾರಣ ಹೊಂದಲ್ಲ. ಸಂಖ್ಯೆಗಳನ್ನೇ ನೋಡಿ. ಮಾಂಸ ತಿಂದು ಕ್ರಿಯಾಟಿನಿನ್ ಹೆಚ್ಚಾಗಿದ್ದರೆ ಮೂತ್ರದ ಸಾಂದ್ರತೆ 90ರಿಂದ ಮೇಲೆ ಹೋಗಬೇಕಿತ್ತು. ನೀರು ಜಾಸ್ತಿ ಕುಡಿದು 1600 ಆಗಿದ್ದರೆ ಸಾಂದ್ರತೆ ಇಳಿಯಬೇಕಿತ್ತು, 65ರ ಆಸುಪಾಸು. ಎರಡೂ ಆಗಿಲ್ಲ. ಸಾಂದ್ರತೆ ಅಲ್ಲೇ ನಿಂತು ಪ್ರಮಾಣ ಮಾತ್ರ 450 ಮಿ.ಲೀ. ಏರಿದೆ. 450 ಮಿ.ಲೀ. ಅಂದರೆ ಏನು ನೆನಪಾಗುತ್ತೆ?

ವಾರ್ಡ್_ಸಿಸ್ಟರ್
ಬೆಳಗಿನ ಮೊದಲ ಮೂತ್ರ!

ಮಡಿಕೇರಿ_ಫಿಸಿಶಿಯನ್
ಅದೇ ಸಿಸ್ಟರ್.

ಪಿಕ್ರೇಟ್
ಮಾಂಸವೂ ತಿಂದು ನೀರೂ ಕುಡಿದರೆ ಸಾಂದ್ರತೆ ಅಲ್ಲೇ ನಿಲ್ಲಬಹುದಲ್ಲ ಡಾಕ್ಟ್ರೇ? ಸುಮ್ನೆ ಒಪ್ಕೊಳ್ಳಲ್ಲ ನಾನು.

ಮಡಿಕೇರಿ_ಫಿಸಿಶಿಯನ್
ನಿಲ್ಲಬಹುದು, ಅಲ್ಲಗಳೆಯಲ್ಲ. ಅದಕ್ಕೇ ಮೂರನೇ ಸಲ ಸಂಗ್ರಹಿಸಿ ಅನ್ನೋದು. ಮಾಂಸ ಬಿಟ್ಟು, ಗಂಟೆ ಬರೆದು.

ವಾರ್ಡ್_ಸಿಸ್ಟರ್
ತಪ್ಪು ಆಗೋದು ಎಲ್ಲಿ ಅಂದರೆ ನಾವು ಹೇಳೋ ರೀತಿಯಲ್ಲೇ. "ನಾಳೆ ಬೆಳಿಗ್ಗೆಯಿಂದ ನಾಡಿದ್ದು ಬೆಳಿಗ್ಗೆವರೆಗೆ ಎಲ್ಲಾ ಹಿಡಿದಿಡಿ" ಅಂತ ಹೇಳಿ ಡಬ್ಬ ಕೊಟ್ಟು ಕಳಿಸ್ತೀವಿ. ಅವರು ನಾಳೆ ಎದ್ದ ಕೂಡಲೇ ಹಿಡಿತಾರೆ, ನಾಡಿದ್ದು ಎದ್ದ ಕೂಡಲೇ ಹಿಡಿದದ್ದನ್ನೂ ಹಾಕ್ತಾರೆ. ಎರಡು ರಾತ್ರಿ, ಒಂದು ಹಗಲು. ಹೇಳಿದ ಮಾತನ್ನ ಚಾಚೂ ತಪ್ಪದೆ ಮಾಡಿದ್ದಾರೆ ಪಾಪ.

ಸರಿಯಾದ ಕ್ರಮ: ಬೆಳಿಗ್ಗೆ 6ಕ್ಕೆ ಎದ್ದು ಮೂತ್ರ ಪೂರ್ತಿ ಹೊಯ್ದು ಟಾಯ್ಲೆಟ್‌ಗೆ ಬಿಡೋದು. ಗಡಿಯಾರ ನೋಡಿ ಆ ಗಂಟೆ ಬರೆಯೋದು. ಅಲ್ಲಿಂದಾಚೆ ಪ್ರತಿ ಹನಿ ಡಬ್ಬಕ್ಕೆ. ಮರುದಿನ 6ಕ್ಕೆ ಬರಲಿ ಬಿಡಲಿ ಹೊಯ್ದು, ಅದನ್ನೂ ಡಬ್ಬಕ್ಕೆ ಹಾಕಿ, ಆ ಗಂಟೆ ಬರೆಯೋದು. ಮಲಕ್ಕೆ ಹೋಗೋ ಮುಂಚೆ ಮೊದಲು ಮೂತ್ರ ಡಬ್ಬಕ್ಕೆ ಹೊಯ್ದು ಆಮೇಲೆ ಕೂರಬೇಕು, ಇದನ್ನ ಯಾರೂ ಹೇಳಲ್ಲ. ದಿನಕ್ಕೆ 200 ಮಿ.ಲೀ. ಅಲ್ಲೇ ಹೋಗುತ್ತೆ.

ಮಳೆಮಾಪಕ
ತೋಟದವರಿಗೆ ಇದನ್ನ ಮಳೆ ಅಳೆಯೋ ಡಬ್ಬಿ ಲೆಕ್ಕದಲ್ಲಿ ಹೇಳಿ, ಒಂದೇ ಸಲಕ್ಕೆ ಅರ್ಥ ಆಗುತ್ತೆ. ಬೆಳಿಗ್ಗೆ ಮಾಪಕದಲ್ಲಿ ಇರೋದು ನಿನ್ನೆಯ ಮಳೆ. ಅದನ್ನ ಚೆಲ್ಲಿ ಖಾಲಿ ಮಾಡಿದ ಮೇಲಲ್ಲವೇ ಇವತ್ತಿನ ಲೆಕ್ಕ ಶುರು? ನಾಳೆ ಅದೇ ಹೊತ್ತಿಗೆ ಎಷ್ಟಿದೆಯೋ ಅದು ಇವತ್ತಿನ ಮಳೆ. ಚೆಲ್ಲದೆ ಇಟ್ಟರೆ ನಿನ್ನೆಯ ಎರಡು ಇಂಚೂ ಇವತ್ತಿನ ಪುಸ್ತಕಕ್ಕೆ ಸೇರುತ್ತೆ.

ವಾರ್ಡ್_ಸಿಸ್ಟರ್
ಅಯ್ಯೋ ಎಷ್ಟು ಚಂದ ಹೇಳಿದ್ರಿ ಅಣ್ಣ. ನಾಳೆಯಿಂದ ಇದೇ.

ಪಿಕ್ರೇಟ್
ಒಪ್ಪಿದೆ, ಸೋತೆ. ಈಗ ಲ್ಯಾಬ್ ಕಡೆಯ ಮಾತು ನಾನು ಹೇಳ್ತೀನಿ.

ಡಬ್ಬದ ಮೇಲಿನ ಗೆರೆ ನೋಡಿ ಪ್ರಮಾಣ ಬರೆಯಬೇಡಿ. ಪ್ಲಾಸ್ಟಿಕ್ ಉಬ್ಬಿರುತ್ತೆ, ಗೆರೆ ನೂರು ಮಿ.ಲೀ. ಅತ್ತಿತ್ತ. ಅಳತೆಯ ಸಿಲಿಂಡರಿಗೆ ಸುರಿದು ನೋಡಿ. ಸುರಿಯೋ ಮುಂಚೆ ಡಬ್ಬ ಚೆನ್ನಾಗಿ ತಿರುಗಿಸಿ, ರಾತ್ರಿಯ ಗಟ್ಟಿ ಮೂತ್ರ ತಳದಲ್ಲೇ ಕೂತಿರುತ್ತೆ. ರೋಗಿಯೇ ಮನೆಯಲ್ಲಿ 50 ಮಿ.ಲೀ. ತೆಗೆದು ತಂದಿದ್ದರೆ ವಾಪಸ್ ಕಳಿಸಿ, ಒಟ್ಟು ಪ್ರಮಾಣ ಗೊತ್ತಿಲ್ಲದ ಸ್ಯಾಂಪಲ್ ಕ್ಲಿಯರೆನ್ಸಿಗೆ ಪ್ರಯೋಜನವಿಲ್ಲ.

ಡೈಲ್ಯೂಷನ್: ಮೂತ್ರ 0.1 ಮಿ.ಲೀ., ನೀರು 4.9 ಮಿ.ಲೀ., ಉತ್ತರಕ್ಕೆ 50ರಿಂದ ಗುಣಾಕಾರ. 90 ಇರೋದು 1.8 ಆಗುತ್ತೆ, 2ರ ಸ್ಟಾಂಡರ್ಡಿಗೆ ಹತ್ತಿರ. ಪೂರ್ತಿ 5 ಮಿ.ಲೀ. ನೀರಿಗೆ 0.1 ಹಾಕಿದರೆ ಅದು 51 ಪಟ್ಟು, ಶೇ. 2 ಅಲ್ಲೇ ತಪ್ಪು. ಪಿಪೆಟ್ ತುದಿಯ ಹೊರಗೆ ಅಂಟಿದ ಮೂತ್ರ ಒರೆಸದಿದ್ದರೆ ಇನ್ನೂ ಹೆಚ್ಚು.

ಜಾಫೆ ಕಿಟ್ (ಪಿಕ್ರೇಟ್ ಬಣ್ಣದಿಂದ ಕ್ರಿಯಾಟಿನಿನ್ ಅಳೆಯೋದು) ಇದ್ದವರಿಗೆ: ಕ್ಷಾರದಲ್ಲಿ ಪಿಕ್ರೇಟ್ ಜೊತೆ ಸೇರಿ ಕಿತ್ತಳೆ ಕೆಂಪು ಬರೋದು ಕ್ರಿಯಾಟಿನಿನ್‌ಗೆ ಮಾತ್ರ ಅಲ್ಲ. ಸಕ್ಕರೆ ಕಾಯಿಲೆಯವರ ಕೀಟೋನ್, ತೀರಾ ಏರಿದ ಗ್ಲೂಕೋಸ್, ಕೆಲವು ಸೆಫಲೋಸ್ಪೊರಿನ್ ಇಂಜೆಕ್ಷನ್ ಎಲ್ಲವೂ ಬಣ್ಣ ಕೊಡುತ್ತವೆ. ಕಾಮಾಲೆಯ ಬಿಲಿರುಬಿನ್ ಉಲ್ಟಾ, ಕಮ್ಮಿ ತೋರಿಸುತ್ತೆ. ಫಿಕ್ಸ್‌ಡ್ ಟೈಮ್‌ನಲ್ಲಿ ಎರಡು ರೀಡಿಂಗ್ ತೆಗೆಯೋದೇ ಇದಕ್ಕೆ: ಬೇಗ ಬಣ್ಣ ಕೊಡುವವು ಮೊದಲ ರೀಡಿಂಗಿಗೆ ಮುಂಚೆ, ತಡವಾಗಿ ಕೊಡುವವು ಎರಡನೆಯದರ ಆಮೇಲೆ. ಅದರಿಂದ ತಪ್ಪು ತಗ್ಗುತ್ತೆ, ಪೂರ್ತಿ ಹೋಗಲ್ಲ.

ಮತ್ತೆ ಮಡಿಕೇರಿ, ಸೋಮವಾರಪೇಟೆ ಚಳಿ! ಫ್ರಿಜ್‌ನಿಂದ ತೆಗೆದ ರೀಏಜೆಂಟನ್ನು ಹಾಗೇ ಹಾಕಬೇಡಿ. ಈ ಪ್ರತಿಕ್ರಿಯೆಯ ವೇಗ ಬಿಸಿಯ ಮೇಲೆ ನಿಂತಿದೆ. ಸ್ಟಾಂಡರ್ಡ್ ಜೊತೆಗೇ ಓಡಿಸದೆ ಹಳೇ ಫ್ಯಾಕ್ಟರ್ ಮೇಲೆ ಓಡಿಸುವವರಿಗೆ ಬೆಳಗಿನ ಮೊದಲ ನಾಲ್ಕು ಸ್ಯಾಂಪಲ್ ಕಮ್ಮಿ ಬಂದೇ ಬರುತ್ತೆ. 37 ಡಿಗ್ರಿಗೆ ತಂದು ಶುರು ಮಾಡಿ.

ಡಿಎಂಎಲ್‌ಟಿ_ಎರಡನೇ_ವರ್ಷ
ಡಬ್ಬಕ್ಕೆ ಆಸಿಡ್ ಹಾಕಬೇಕಾ ಸರ್?

ಪಿಕ್ರೇಟ್
ಕ್ರಿಯಾಟಿನಿನ್‌ಗೆ ಬೇಡ. ತಂಪಾಗಿಟ್ಟರೆ ಸಾಕು. ಕ್ಯಾಲ್ಸಿಯಂ, ವಿಎಂಎ (ಅಡ್ರಿನಲಿನ್ ಒಡೆದು ಬರುವ ವಸ್ತು) ಕೇಳಿದ್ದರೆ ಆಸಿಡ್. ಮನೆಗೆ ಆಸಿಡ್ ಡಬ್ಬ ಕಳಿಸಿದರೆ ಎಚ್ಚರಿಕೆ ಬರೆದು ಕಳಿಸಿ, ನೇರ ಡಬ್ಬಕ್ಕೇ ಹೊಯ್ಯಲು ಹೋಗಿ ಸಿಡಿಸಿಕೊಳ್ಳುತ್ತಾರೆ.

ಕುಶಾಲನಗರ_ಲ್ಯಾಬ್
ಫಾರಂ ತೆಗೆದು ನೋಡಿದೆ. ಎರಡನೇ ಸಲ ಶುರು, ಮುಗಿದ ಗಂಟೆ ಎರಡೂ ಖಾಲಿ. ಬರೀ "24 ಗಂಟೆ" ಅಂತ ಸೀಲ್. ಫೋನ್ ಮಾಡಿ ಕೇಳಿದ್ದಕ್ಕೆ ಸಿಸ್ಟರ್ ಹೇಳಿದ ಹಾಗೇ, ಎರಡೂ ಬೆಳಗಿನದು ಹಾಕಿದ್ದಾರೆ. ಭಾನುವಾರ ಮತ್ತೆ ಹಿಡಿಯೋಕೆ ಒಪ್ಪಿದ್ದಾರೆ.

ಆದರೂ ಒಂದು ಪ್ರಶ್ನೆ. 60 ಸರಿ ಅಂದುಕೊಂಡರೂ ಇಜಿಎಫ್‌ಆರ್ 69 ಯಾಕೆ? ಕ್ಲಿಯರೆನ್ಸ್ ಯಾವಾಗಲೂ ಹೆಚ್ಚು ತೋರಿಸಬೇಕು ಅಂತ ಓದಿದ್ದೆ.

ಮಡಿಕೇರಿ_ಫಿಸಿಶಿಯನ್
ಸರಿಯಾಗೇ ಓದಿದ್ದೀರಿ. ಕ್ರಿಯಾಟಿನಿನ್ ಬರೀ ಸೋಸಿ ಬರೋದಲ್ಲ, ಕಿಡ್ನಿಯ ನಳಿಕೆಗಳೂ ಅದನ್ನ ಮೂತ್ರಕ್ಕೆ ತಳ್ಳುತ್ತವೆ. ಆರೋಗ್ಯವಂತರಲ್ಲಿ ಶೇ. 10–20 ಹಾಗೆ ಸೇರುತ್ತೆ, ಕಿಡ್ನಿ ಕೆಟ್ಟಷ್ಟೂ ಆ ಪಾಲು ಹೆಚ್ಚು. ಟ್ರೈಮೆಥೊಪ್ರಿಮ್, ಸಿಮೆಟಿಡಿನ್ ಅನ್ನೋ ಔಷಧಿಗಳು ಆ ತಳ್ಳುವಿಕೆಯನ್ನ ತಡೆಯುತ್ತವೆ. ಆಗ ಸೀರಂ ಏರುತ್ತೆ, ಸೋಸುವಿಕೆ ಇಳಿದಿರಲ್ಲ. ಯೂರಿಯಾ ಇದಕ್ಕೆ ವಿರುದ್ಧ, ನಳಿಕೆಗಳು ವಾಪಸ್ ಎಳ್ಕೊಳ್ಳುತ್ತವೆ, ಅದರ ಕ್ಲಿಯರೆನ್ಸ್ ಕಮ್ಮಿ ತೋರಿಸುತ್ತೆ. ಕಿಡ್ನಿ ತೀರಾ ಸೋತವರಲ್ಲಿ ಎರಡರ ಸರಾಸರಿ ತೆಗೆಯೋದು ಅದಕ್ಕೇ, ಒಂದರ ತಪ್ಪು ಇನ್ನೊಂದನ್ನ ಸರಿದೂಗಿಸುತ್ತೆ.

ನಿಮ್ಮ 69ರ ವಿಷಯ ಬೇರೆ. ಅದು 1.73 ಚದರ ಮೀಟರ್ ಮೈ ಇದ್ದವರ ಲೆಕ್ಕ. 160 ಸೆಂ.ಮೀ., 60 ಕೆ.ಜಿ. ಅಂದರೆ ಮೈ ವಿಸ್ತೀರ್ಣ 1.63. (ಎತ್ತರ ಗುಣಿಸು ತೂಕ, 3600ರಿಂದ ಭಾಗಿಸಿ ವರ್ಗಮೂಲ.) 69 × 1.63 ÷ 1.73 = 65. ಅಳೆದದ್ದು 60, ಅಂದಾಜು 65. ಅಂದಾಜಿನ ಸೂತ್ರ ನಿಜವಾದ ಸೋಸುವಿಕೆಯಿಂದ ಶೇ. 30ರವರೆಗೆ ಅತ್ತಿತ್ತ ಆಗೋದು ಮಾಮೂಲು. ಈ ಐದಕ್ಕೆ ಯಾಕೆ ನಿದ್ದೆ ಕೆಡಿಸ್ಕೋತೀರಿ?

ಔಷಧಿ_ಡಬ್ಬ
ಮಾತ್ರೆಯ ಡೋಸಿಗೆ ಯಾವುದು ಹಿಡಿಯಬೇಕು ಅನ್ನೋದೇ ನಮಗೆ ಮುಖ್ಯ. ಕಾಕ್‌ಕ್ರಾಫ್ಟ್-ಗಾಲ್ಟ್ ಒಂದೇ ಸಾಕು ಅನ್ನೋದು ನನ್ನ ವಾದ. 70 ವರ್ಷದ ಅಜ್ಜಿ, 42 ಕೆ.ಜಿ., ಸೀರಂ 1.2. ಇಜಿಎಫ್‌ಆರ್ 49 ಅಂತ ರಿಪೋರ್ಟ್. ಅದೇ ಕಾಕ್‌ಕ್ರಾಫ್ಟ್‌ನಲ್ಲಿ: (140 − 70) × 42 ÷ (72 × 1.2) × 0.85 = 29. ಲೈನ್‌ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಸಣ್ಣ ಮೈಯ ಅಜ್ಜಿಯರಿಗೆಲ್ಲ 49 ನಂಬಿ ಡೋಸ್ ಕೊಟ್ಟರೆ ಏನಾಗುತ್ತೆ?

ಮಡಿಕೇರಿ_ಫಿಸಿಶಿಯನ್
ಅರ್ಧ ಸರಿ. ಯಾವ ಔಷಧಿಯನ್ನ ಯಾವ ಅಳತೆಯ ಮೇಲೆ ಪರೀಕ್ಷಿಸಿದ್ದಾರೋ ಆ ಅಳತೆ ಹಿಡೀಬೇಕು. ಡಾಬಿಗಟ್ರಾನ್‌ನಂಥ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳಿಗೆ ಕಾಕ್‌ಕ್ರಾಫ್ಟ್-ಗಾಲ್ಟ್. ಮೆಟ್‌ಫಾರ್ಮಿನ್‌ಗೆ ಇಜಿಎಫ್‌ಆರ್: 45ರ ಕೆಳಗೆ ಹೊಸದಾಗಿ ಶುರು ಮಾಡಬಾರದು, 30ರ ಕೆಳಗೆ ನಿಲ್ಲಿಸಬೇಕು.

ಇನ್ನು ನಿಮ್ಮ ಅಜ್ಜಿಗೆ 150 ಸೆಂ.ಮೀ. ಎತ್ತರ ಅಂದುಕೊಳ್ಳಿ. ಮೈ 1.32 ಚ.ಮೀ. 49 ಇಳಿದು 37 ಆಗುತ್ತೆ. ಸಣ್ಣ ಮೈಯವರಿಗೆ ಈ ಬಿಡಿಸುವಿಕೆ ಮಾಡದೆ ಎರಡು ಸೂತ್ರಗಳನ್ನ ಹೋಲಿಸೋದೇ ತಪ್ಪು. ಕಾಕ್‌ಕ್ರಾಫ್ಟ್-ಗಾಲ್ಟ್ 1976ರದ್ದು, ಬಹುತೇಕ ಗಂಡಸರೇ ಇದ್ದ 249 ರೋಗಿಗಳ ಮೇಲೆ ಕಟ್ಟಿದ್ದು, ಆಗಿನ ಹಳೇ ಕ್ರಿಯಾಟಿನಿನ್ ಅಳತೆಯ ಮೇಲೆ. ಅದನ್ನ ವೇದವಾಕ್ಯ ಮಾಡಬೇಡಿ.

ಔಷಧಿ_ಡಬ್ಬ
ವೇದವಾಕ್ಯ ಅಲ್ಲ, ಆದರೆ 37, 29 ಎರಡಿದ್ದಾಗ ಅಪಾಯದ ಔಷಧಿಗೆ ನಾನು 29 ಕಡೆಗೇ.

ಮಡಿಕೇರಿ_ಫಿಸಿಶಿಯನ್
ಅದಕ್ಕೆ ನನ್ನ ತಕರಾರಿಲ್ಲ. ಇಂಥ ಕಡೆಯೇ ಸಿಸ್ಟಾಟಿನ್-ಸಿ ಬೇಕಾಗೋದು. ಜೀವಕೋಶಗಳೆಲ್ಲ ಹುಟ್ಟಿಸುವ ಚಿಕ್ಕ ಪ್ರೊಟೀನ್ ಅದು, ಸ್ನಾಯುವಿನ ಹಂಗಿಲ್ಲ, ಪಂದಿ ಕರಿಯ ಹಂಗೂ ಇಲ್ಲ. ಸ್ಟೀರಾಯ್ಡ್ ತಗೊಳ್ಳೋರು, ಥೈರಾಯ್ಡ್ ಏರುಪೇರು ಇರೋರು, ಸಿಗರೇಟು ಸೇದೋರು, ಬೊಜ್ಜಿನವರಲ್ಲಿ ಅದೂ ದಾರಿ ತಪ್ಪಿಸುತ್ತೆ. ಕ್ರಿಯಾಟಿನಿನ್, ಸಿಸ್ಟಾಟಿನ್ ಎರಡನ್ನೂ ಸೇರಿಸಿದ ಸೂತ್ರ ಒಂಟಿ ಸೂತ್ರಗಳಿಗಿಂತ ನಿಜಕ್ಕೆ ಹತ್ತಿರ.

ಮಕ್ಕಳ_ವಾರ್ಡ್
ದೊಡ್ಡವರ ಸೂತ್ರವನ್ನ ಮಕ್ಕಳಿಗೆ ಹಾಕಬೇಡಿ ಅಂತ ಇಲ್ಲೇ ಒಂದು ಮಾತು. 110 ಸೆಂ.ಮೀ. ಎತ್ತರದ ಮಗು, ಸೀರಂ 1.1. ರಿಪೋರ್ಟಿನಲ್ಲಿ "ನಾರ್ಮಲ್" ಅಂತ ಅಚ್ಚಾಗಿರುತ್ತೆ. ಮಕ್ಕಳ ಸೂತ್ರಕ್ಕೆ ಹಾಕಿದರೆ 0.413 × 110 ÷ 1.1 = 41! ಅದೇ ಮಗುವಿಗೆ 0.5 ಇದ್ದಿದ್ದರೆ 91. ಸೂತ್ರಕ್ಕೆ ಬೇಕಾದದ್ದು ಎತ್ತರ ಮಾತ್ರ, ಆದರೆ ಎತ್ತರ ಬರೆಯದೆ ಸ್ಯಾಂಪಲ್ ಕಳಿಸ್ತಾರೆ. ಗರ್ಭಿಣಿಯರಿಗೂ ಈ ಸೂತ್ರಗಳು ಸಲ್ಲ. ಅವರಲ್ಲಿ ಸೋಸುವಿಕೆಯೇ ಅರ್ಧದಷ್ಟು ಏರಿರುತ್ತೆ, 0.9 ಬಂದರೂ ಯೋಚಿಸಬೇಕು.

ಭತ್ತದಗದ್ದೆ
ಮಳೆಗಾಲದಲ್ಲಿ ಇಲಿಜ್ವರ ಬಂದವರಿಗೆ, ಕೊಳಕುಮಂಡಲ ಕಚ್ಚಿದವರಿಗೆ ಇಜಿಎಫ್‌ಆರ್ ಬರೆದು ಕೊಡ್ತಾರಲ್ಲ, ಅದು ಲೆಕ್ಕಕ್ಕೆ ಇದೆಯಾ?

ಮಡಿಕೇರಿ_ಫಿಸಿಶಿಯನ್
ಇಲ್ಲ. ಸೂತ್ರಗಳೆಲ್ಲ ಕ್ರಿಯಾಟಿನಿನ್ ಒಂದು ಮಟ್ಟದಲ್ಲಿ ನಿಂತವರಿಗೆ. 40 ವರ್ಷದವನ ಕಿಡ್ನಿ ನಿನ್ನೆ ಸಂಜೆ ಪೂರ್ತಿ ನಿಂತಿದೆ ಅಂದುಕೊಳ್ಳಿ. ಇವತ್ತು ಕ್ರಿಯಾಟಿನಿನ್ ಇನ್ನೂ 2.0 ಮುಟ್ಟಿದೆ ಅಷ್ಟೆ. ಸೂತ್ರ 42 ಅನ್ನುತ್ತೆ. ನಿಜದಲ್ಲಿ ಸೊನ್ನೆ. ಅಲ್ಲಿ ನೋಡಬೇಕಾದದ್ದು ಗಂಟೆಗಂಟೆಯ ಮೂತ್ರ: ಆರು ಗಂಟೆ ಕಾಲ ಕೆ.ಜಿ.ಗೆ ಗಂಟೆಗೆ 0.5 ಮಿ.ಲೀ.ಗಿಂತ ಕಮ್ಮಿ ಆಯಿತಾ. ಮತ್ತೆ 48 ಗಂಟೆಯೊಳಗೆ ಕ್ರಿಯಾಟಿನಿನ್ 0.3 ಏರಿತಾ.

ಡಿಎಂಎಲ್‌ಟಿ_ಎರಡನೇ_ವರ್ಷ
ಇನ್ಯುಲಿನ್ ಕ್ಲಿಯರೆನ್ಸ್ ಅಂತ ಪುಸ್ತಕದಲ್ಲಿ ಇದೆ, ಯಾರೂ ಮಾಡಲ್ವಾ?

ಮಡಿಕೇರಿ_ಫಿಸಿಶಿಯನ್
ಎಲ್ಲದಕ್ಕೂ ಅದೇ ಮೂಲ ಅಳತೆಗೋಲು. ಇನ್ಯುಲಿನ್ ಅಂದರೆ ಗಿಡಗಳಲ್ಲಿರುವ ಪಿಷ್ಟದಂಥ ವಸ್ತು, ಇನ್ಸುಲಿನ್ ಅಲ್ಲ. ಸೋಸಿ ಹೋಗುತ್ತೆ, ನಳಿಕೆ ಅದನ್ನ ತಳ್ಳಲ್ಲ, ವಾಪಸ್ ಎಳೆಯಲ್ಲ. 1930ರ ದಶಕದಲ್ಲಿ ಹೋಮರ್ ಸ್ಮಿತ್, ಆಲ್ಫ್ರೆಡ್ ರಿಚರ್ಡ್ಸ್ ಅವರ ತಂಡಗಳು ಇದನ್ನ ನೆಲೆಗೊಳಿಸಿದವು. ಆದರೆ ರಕ್ತಕ್ಕೆ ಡ್ರಿಪ್ ಹಾಕ್ತಾ ಮಟ್ಟ ಒಂದೇ ಸಮ ಇಡಬೇಕು, ಹೊತ್ತು ಹೊತ್ತಿಗೆ ಮೂತ್ರ ಹಿಡೀಬೇಕು. ಆಸ್ಪತ್ರೆಯಲ್ಲಿ ಯಾರಿಗಿದೆ ಅಷ್ಟು ಪುರುಸೊತ್ತು. ಅಂದಹಾಗೆ ಇನ್ಯುಲಿನ್ ಸಿಗೋದು ಚಿಕೋರಿ ಬೇರಿನಲ್ಲಿ.

ಕಾಫಿಬೀಜ
ಚಿಕೋರಿ! ಹಾಗಾದ್ರೆ ದಿನಾ ಬೆರಕೆ ಪುಡಿ ಕಾಫಿ ಕುಡಿಯೋರ ರಕ್ತದಲ್ಲೆಲ್ಲ ಇನ್ಯುಲಿನ್ ಓಡಾಡ್ತಿರಬೇಕಲ್ಲ. ಪುಡಿಯಲ್ಲಿ ಶೇ. 49ರವರೆಗೂ ಚಿಕೋರಿ ಹಾಕೋಕೆ ಕಾನೂನೇ ಬಿಟ್ಟಿದೆ, ಬೆಳೆಗಾರರ ಹೊಟ್ಟೆ ಉರಿಯೋದು ಅದಕ್ಕೇ.

ಮಡಿಕೇರಿ_ಫಿಸಿಶಿಯನ್
ಕುಡಿದದ್ದು ರಕ್ತಕ್ಕೆ ಹೋಗಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ತಿಂದು ಗ್ಯಾಸ್ ಮಾಡುತ್ತವೆ. ಹುರಿದಾಗಲೇ ಒಂದು ಪಾಲು ಒಡೆದು ಹೋಗಿರುತ್ತೆ. ಕಾಫಿ ಬೆಲೆ ಚರ್ಚೆ ಬೇರೆ ಕಡೆ ಇಟ್ಟುಕೊಳ್ಳಿ ಮಾರಾಯ್ರೆ.

ಗಾಮಾ_ಕ್ಯಾಮೆರಾ
ಕಿಡ್ನಿ ದಾನಿಗಳಿಗೆ ಡಿಟಿಪಿಎ (ವಿಕಿರಣ ವಸ್ತು ಚುಚ್ಚಿ ಕಿಡ್ನಿಯ ಸೋಸುವಿಕೆ ಅಳೆಯುವ ಸ್ಕ್ಯಾನ್) ಮಾಡಿಸಲು ಇಲ್ಲಿಂದ ಮೈಸೂರಿಗೋ ಮಂಗಳೂರಿಗೋ ಹೋಗುವವರಿಗೆ ಎರಡು ಮಾತು. ಟೆಕ್ನೀಷಿಯಂ-99ಎಂ, ಅರ್ಧಾಯುಷ್ಯ 6 ಗಂಟೆ. ಕ್ಯಾಮೆರಾದಿಂದ ಎಣಿಸುವ ಗೇಟ್ಸ್ ವಿಧಾನದಲ್ಲಿ ಚುಚ್ಚುವ ಮುಂಚೆ ತುಂಬಿದ ಸಿರಿಂಜು, ಚುಚ್ಚಿದ ಮೇಲೆ ಖಾಲಿ ಸಿರಿಂಜು ಎರಡನ್ನೂ ಎಣಿಸಬೇಕು, ವ್ಯತ್ಯಾಸವೇ ದೇಹಕ್ಕೆ ಹೋದದ್ದು. ಔಷಧಿ ರಕ್ತನಾಳದ ಹೊರಗೆ ಸೋರಿದರೆ ಇಡೀ ಲೆಕ್ಕ ಹಾಳು, ಕೈಯಲ್ಲಿ ಊದಿಕೊಂಡರೆ ಅಲ್ಲೇ ಹೇಳಿ. ಆಮೇಲೆ ಎತ್ತರ, ತೂಕ. ಕಿಡ್ನಿ ಬೆನ್ನಿಂದ ಎಷ್ಟು ಆಳದಲ್ಲಿದೆ ಅನ್ನೋದನ್ನ ಅದರಿಂದಲೇ ಅಂದಾಜು ಮಾಡೋದು, ಬಾಯಿಮಾತಿನ ತೂಕ ಕೊಟ್ಟರೆ ಆಳ ತಪ್ಪುತ್ತೆ. ಹೊರಡುವಾಗ ನೀರು ಕುಡಿಯದೆ ಬಸ್ಸಲ್ಲಿ ಕೂತು ಬರ್ತಾರೆ, ದಾರಿಯಲ್ಲಿ ಟಾಯ್ಲೆಟ್ ಸಿಗಲ್ಲ ಅಂತ. ಬಂದ ಮೇಲೆ ಅರ್ಧ ಲೀಟರ್ ಕುಡಿದು ಅರ್ಧ ಗಂಟೆ ಕೂರಿ. ಕ್ಯಾಮೆರಾಕ್ಕಿಂತ ನಿಖರ ಬೇಕಿದ್ದರೆ 2 ಮತ್ತು 4 ಗಂಟೆಗೆ ರಕ್ತ ತೆಗೆದು ಇಳಿಜಾರು ನೋಡುವ ವಿಧಾನ ಇದೆ, ಅದನ್ನ ಕೇಳಿ.

ಮಳೆಮಾಪಕ
ಕ್ರಿಯಾಟಿನಿನ್ 1.2 ಅಂದರೆ ಎಲ್ಲರಿಗೂ ಒಂದೇ ಅಂತ ಇಷ್ಟು ದಿನ ಅಂದುಕೊಂಡಿದ್ದೆ.

ಪಿಕ್ರೇಟ್
25ರ ಹುಡುಗನಿಗೆ 86, 70ರ ಅಜ್ಜಿಗೆ 49. ಅದೇ 1.2.

ಕುಶಾಲನಗರ_ಲ್ಯಾಬ್
ಮೂರನೇ ಸಲದ್ದು ಬಂತು. ಮಾಂಸ ಇಲ್ಲ. ಶುರು 6.10, ಮುಗಿದದ್ದು ಮರುದಿನ 5.50. ಅಂದರೆ 1420 ನಿಮಿಷ. ಸಿಲಿಂಡರಿನಲ್ಲಿ 1220 ಮಿ.ಲೀ., ಸಾಂದ್ರತೆ 84, ಸೀರಂ 1.2. 84 × 1220 ÷ (1.2 × 1420) = 60.1. ಒಟ್ಟು ಕ್ರಿಯಾಟಿನಿನ್ 1025 ಮಿ.ಗ್ರಾಂ, 24 ಗಂಟೆಗೆ ಹಿಗ್ಗಿಸಿದರೆ 1039. ಮೊದಲ ಸಲ 1035 ಇತ್ತು.

83ರ ರಿಪೋರ್ಟ್ ರದ್ದು ಮಾಡಿ, 60ನ್ನೇ ಡಾಕ್ಟರಿಗೆ ಕಳಿಸಿದೆ, ಜೊತೆಗೆ ಕೆ.ಜಿ.ಗೆ ಎಷ್ಟು ಮಿ.ಗ್ರಾಂ ಅನ್ನೋದನ್ನೂ ಅಚ್ಚು ಹಾಕಿ. ಅವರು ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ (ಮೂತ್ರದಲ್ಲಿ ಪ್ರೊಟೀನ್ ಸೋರುತ್ತಿದೆಯಾ ನೋಡೋದು) ಕೇಳಿದ್ದಾರೆ, ಮೂರು ತಿಂಗಳ ಮೇಲೆ ಮತ್ತೆ ಸೀರಂ.

ಪಿಕ್ರೇಟ್
1420 ಹಾಕಿದ್ದು ಸರಿ. 1440 ಅಂತ ಕಣ್ಣು ಮುಚ್ಚಿ ಹಾಕಿದ್ದರೆ 59.3. ಇಲ್ಲಿ ಸಣ್ಣದು, ಆದರೆ 20 ಗಂಟೆಗೇ ಡಬ್ಬ ತಂದುಕೊಡುವವರಿಗೆ ದೊಡ್ಡದು.

ವಾರ್ಡ್_ಸಿಸ್ಟರ್
ಡಬ್ಬಕ್ಕೆ ಅಂಟಿಸೋಕೆ ಹೀಗೆ ಬರೆದಿದ್ದೀನಿ, ತಪ್ಪಿದ್ದರೆ ತಿದ್ದಿ: "ಎದ್ದ ಕೂಡಲೇ ಬರುವುದು ಟಾಯ್ಲೆಟ್‌ಗೆ. ಆಗ ಗಂಟೆ ___. ಆಮೇಲಿನದೆಲ್ಲ ಡಬ್ಬಕ್ಕೆ. ನಾಳೆ ಎದ್ದ ಕೂಡಲೇ ಬರುವುದೂ ಡಬ್ಬಕ್ಕೆ. ಆಗ ಗಂಟೆ ___. ನಡುವೆ ಒಂದು ಸಲ ಚೆಲ್ಲಿದರೂ ಹೇಳಿ, ಬೈಯುವುದಿಲ್ಲ."

ಪಿಕ್ರೇಟ್
"ತೂಕ ___, ಎತ್ತರ ___" ಸೇರಿಸಿ ಸಿಸ್ಟರ್. ಮತ್ತೆ ಸ್ಟಿಕರ್ ಮುಚ್ಚಳದ ಮೇಲೆ ಬೇಡ, ಡಬ್ಬದ ಮೈಗೆ. ಮುಚ್ಚಳ ಅದಲುಬದಲಾಗುತ್ತೆ.